ತುಳಸಮ್ಮನ ಮನೆ ಕೇಳಲು ಹೋದದ್ದು

ನಮ್ಮೂರಲ್ಲಿ ಯಾರಾದರೂ ನಿಮ್ಮನ್ನು ಹೊಗಳಬೇಕಾದರೆ ಮೊದಲು ಅಂಗಳಕ್ಕೆ ಕರೆಯುತ್ತಾರೆ. "ಸ್ವಲ್ಪ ಹೊರಗೆ ಬನ್ನಿ" ಎಂದರೆ ಏನೋ ಒಳ್ಳೆಯ ಮಾತು ಬರುತ್ತಿದೆ ಎಂದೇ ಅರ್ಥ. ಹೆಂಚಿನ ಕೆಳಗೆ ಸುಳ್ಳಾಡಿದರೆ ಹೆಂಚು ಬೀಳುತ್ತದೆ, ಇಷ್ಟೇ ವಿಷಯ. ಒಂದು ಸುಳ್ಳಿಗೆ ಒಂದು ಹೆಂಚು. ಇದುವರೆಗೆ ಯಾರ ತಲೆಯ ಮೇಲೂ ಬಿದ್ದಿಲ್ಲ, ಪಕ್ಕದಲ್ಲೆಲ್ಲೋ ಬಿದ್ದು ಚೂರಾಗುತ್ತದೆ, ಆಮೇಲೆ ಮಳೆ ಬಂದಾಗ ಅಲ್ಲೇ ಸೋರುತ್ತದೆ. ಹಾಗಾಗಿ ನಮ್ಮ ಮದುವೆಗಳೆಲ್ಲ ಚಪ್ಪರದಲ್ಲಿ, ವ್ಯಾಪಾರವೆಲ್ಲ ಟಾರ್ಪಾಲಿನ ಕೆಳಗೆ, ಕ್ಷೌರ ಹುಣಸೆಮರದ ಕೆಳಗೆ. ಊಟಕ್ಕೆ ಬಂದ ನೆಂಟರು ತಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ "ಪಾಯಸ ಅದ್ಭುತವಾಗಿದೆ" ಎಂದು ಕೂಗಿ ಹೇಳಿ, ಮತ್ತೆ ಒಳಗೆ ಬಂದು ಬಾಯಿ ಮುಚ್ಚಿಕೊಂಡು ಉಣ್ಣುತ್ತಾರೆ. ತಾರಸಿ ಮನೆ ಕಟ್ಟಿಕೊಳ್ಳಬಾರದೇ ಎಂದು ಹೊರಗಿನವರು ಕೇಳುವುದುಂಟು. ಕಟ್ಟಿಕೊಂಡವರೂ ಇದ್ದಾರೆ. ಆದರೆ ತಾರಸಿ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

ನನ್ನ ಹೆಸರು ಕಮಲಾಕ್ಷಿ, ಬ್ಲೌಸ್ ಹೊಲಿಯುತ್ತೇನೆ. ನಮ್ಮವರು, ನಂಜುಂಡ ಅಂತ, ಸಂತೆಬೀದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಸೀರೆ ಮಾರುತ್ತಾರೆ. "ಅಕ್ಕಾ, ಈ ಬಣ್ಣ ನಿಮಗೋಸ್ಕರಾನೇ ನೇಯ್ದಂಗಿದೆ!" ಎಂದು ಅವರು ಒಬ್ಬಳಿಗೆ ಸೀರೆ ಕಟ್ಟಿ ಕಳಿಸುತ್ತಾರೆ. ಅವಳು ಅದನ್ನೇ ತೆಗೆದುಕೊಂಡು ಬ್ಲೌಸ್ ಹೊಲಿಸಲು ನನ್ನ ಹತ್ತಿರ ಬರುತ್ತಾಳೆ. ನಾನು ಹೆಂಚಿನ ಕೆಳಗೆ ಕೂತವಳು, "ಒಪ್ಪೋದೇ ಇಲ್ಲ ಕಣಮ್ಮ, ಮುಖ ಮಂಕಾಗಿ ಕಾಣುತ್ತೆ" ಎನ್ನುತ್ತೇನೆ. ಅವಳು ಸೀರೆ ವಾಪಸು ಕೊಡಲು ಸಂತೆಬೀದಿಗೆ ಓಡುತ್ತಾಳೆ. ಹನ್ನೊಂದು ವರ್ಷದಿಂದ ನಮ್ಮ ಸಂಸಾರ ನಡೆದಿರುವುದು ಹೀಗೆ. ಜನ ನನಗೆ ಹೆದರುತ್ತಿದ್ದರು, ಅದು ನನಗೆ ಖುಷಿಯೇ ಆಗಿತ್ತು. ನನ್ನ ನಾಲಿಗೆಯಿಂದ ಒಂದೇ ಒಂದು ಹೆಂಚು ಬಿದ್ದಿರಲಿಲ್ಲ. ಈ ಊರಲ್ಲಿ ಹಾಗೆ ಹೇಳಿಕೊಳ್ಳುವ ಹೆಂಗಸು ಇನ್ನೊಬ್ಬಳಿದ್ದರೆ ತೋರಿಸಿ ಎಂದು ಬೀದಿಯಲ್ಲಿ ನಿಂತು ಸವಾಲು ಹಾಕುತ್ತಿದ್ದೆ.

ನಾವಿದ್ದದ್ದು ಬಾಡಿಗೆ ಮನೆ. ಬಸ್ಸು ಹೋಗುವ ರಸ್ತೆಗೆ ಅಂಟಿಕೊಂಡಿರುವ ಆ ಮನೆಯ ಅರ್ಧದಲ್ಲಿ ಮಾಲೀಕರು ಪಂಡರಿರಾಯರು, ಇನ್ನರ್ಧದಲ್ಲಿ ನಾವು, ಇಬ್ಬರಿಗೂ ಒಂದೇ ಸೂರು. ಭಾನುವಾರ ಬೆಳಿಗ್ಗೆ ರಾಯರು ಏಣಿ ಹಾಕಿ ಹತ್ತಿ ಹೆಂಚು ಎಣಿಸುತ್ತಿದ್ದರು. ಒಂದು ಕಡಿಮೆಯಾದರೂ ನಮ್ಮ ಬಾಗಿಲಿಗೇ ಬಂದು ನಮ್ಮವರ ಮುಖ ನೋಡುತ್ತಿದ್ದರು. ಪಾಪ, ಸೀರೆ ಮಾರುವವನ ಮೇಲೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

ನನಗೂ ಬರುತ್ತಿತ್ತು. ಸಾರಿನಲ್ಲಿ ಕಲಸಿದ ಅನ್ನದ ತಟ್ಟೆ ಹಿಡಿದು ನಮ್ಮವರು ದಿನಾ ಅಂಗಳಕ್ಕೆ ಹೋಗಿ ನಿಂತು, "ಕಮಲೂ, ಇವತ್ತಿನ ಸಾರು ಅಂದ್ರೆ ಸಾರು ಕಣೇ!" ಎನ್ನುತ್ತಿದ್ದರು. "ಒಳಗೆ ಬಂದು ಹೇಳಿ ನೋಡೋಣ" ಎಂದು ನಾನು ಒಲೆಯ ಮುಂದಿನಿಂದಲೇ ಕೂಗುತ್ತಿದ್ದೆ. ಅವರು ಬರುತ್ತಿರಲಿಲ್ಲ. ಬಂದರೂ ಉಪ್ಪಿನಕಾಯಿ ಕೇಳಿ ಸುಮ್ಮನಾಗುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಒಳಗೆ ಹೇಳಲಿಲ್ಲ ಎಂದಾದ ಮೇಲೆ ನಗು ಬರುವುದು ನಿಂತುಹೋಯಿತು. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿಕೊಳ್ಳುವ ಮಾತೂ ಅಲ್ಲ.

ಹೀಗಿರುವಾಗ ರಾಯರು ಮಗನ ಮದುವೆ ಗೊತ್ತುಮಾಡಿದರು. ಯುಗಾದಿಯೊಳಗೆ ಮನೆ ಬಿಡಬೇಕು ಎಂದರು. ಬಾಡಿಗೆಗೆ ಬೇರೆ ಮನೆ ಹುಡುಕಿದರೆ, ಸೀರೆ ನಂಜುಂಡ ಎಂಬ ಹೆಸರು ಕೇಳುತ್ತಲೇ ಮಾಲೀಕರು ಮೊದಲು ಸೂರಿನ ಕಡೆ ನೋಡಿ ಆಮೇಲೆ ಇಲ್ಲ ಎನ್ನುತ್ತಿದ್ದರು. ಅದೇ ಹೊತ್ತಿಗೆ ಹಿಂದಿನ ಬೀದಿಯ ತುಳಸಮ್ಮ ತಮ್ಮ ಮನೆ ಮಾರುತ್ತಾರೆ ಎಂಬ ಸುದ್ದಿ ಬಂತು. ನಾನು ಹೊಲಿಯುತ್ತಿದ್ದ ತೋಳನ್ನು ಅಲ್ಲೇ ಬಿಟ್ಟು ಎದ್ದೆ. "ರೀ, ನಮಗೆ ಆ ಮನೆ ಸಿಗಲೇಬೇಕು" ಎಂದೆ. ಅವರು ಹೂಂ ಎಂದರು. ಮರುದಿನವೇ ಇಬ್ಬರೂ ಹೋಗಿ ಮನೆ ನೋಡಿಕೊಂಡು ಬಂದೆವು. ಅಂದಿನಿಂದ ಬೀದಿಯಲ್ಲಿ, ನಲ್ಲಿಯ ಹತ್ತಿರ, ಗಿರಣಿಯಲ್ಲಿ ನನ್ನದು ಅದೇ ಮಾತು. ಸ್ವಂತ ಮನೆ, ಸ್ವಂತ ಸೂರು, ಏಣಿ ಹಾಕಿ ಹತ್ತುವ ರಾಯರಿಲ್ಲದ ಭಾನುವಾರ! ನೆನೆಸಿಕೊಂಡರೇ ಮೈ ಹಗುರಾಗುತ್ತಿತ್ತು.

ನಮ್ಮೂರಲ್ಲಿ ಮನೆ ಕೊಳ್ಳುವುದರಲ್ಲಿ ದುಡ್ಡಿನ ಮಾತು ಸುಲಭದ್ದು, ಅದು ಅಂಗಳದಲ್ಲೇ ಮುಗಿಯುತ್ತದೆ. ಕಷ್ಟವಿರುವುದು ಮನೆ ಕೇಳುವುದರಲ್ಲಿ. ಕೇಳುವವರು ನಡುಮನೆಯಲ್ಲಿ ಕೂತು, ಯಾಕೆ ಬೇಕು ಎಂಬುದನ್ನು ಮಾಲೀಕರಿಗೆ ಹೇಳಬೇಕು. ಮೂರು ಹೆಂಚು ಬಿದ್ದರೆ ಮಾತು ಮುರಿದಂತೆ, ಮಾಲೀಕರು ಇಲ್ಲ ಎನ್ನಬೇಕು, ಕೇಳಿದವರು ಎದ್ದು ಹೊರಡಬೇಕು. ಬೀಳದಿದ್ದರೆ ಕೊಡುವುದು ಬಿಡುವುದು ಮಾಲೀಕರ ಮನಸ್ಸು, ಹೂಂ ಆಗಲಿ ಇಲ್ಲ ಆಗಲಿ, ಅದನ್ನೂ ಅವರು ಸೂರಿನ ಕೆಳಗೇ ಬಾಯಿಬಿಟ್ಟು ಹೇಳಬೇಕು. ಒಂದು ಮನೆಯನ್ನು ಜೀವಮಾನದಲ್ಲಿ ಒಂದೇ ಸಲ ಕೇಳಬಹುದು. ಬೆಕ್ಕೋ ಕೋತಿಯೋ ಹೆಂಚು ಬೀಳಿಸಿ ಯಾರದೋ ಬಾಳು ಹಾಳಾಗಬಾರದಲ್ಲ, ಅದಕ್ಕೆ ಹೆಂಚು ಹೊದಿಸುವ ಹೊಂಬಾಳಯ್ಯ ಮೊದಲೇ ಹತ್ತಿ ಪ್ರತಿ ಹೆಂಚನ್ನೂ ಒತ್ತಿ ನೋಡಿ, ಮಾತು ಮುಗಿಯುವ ತನಕ ಅಲ್ಲೇ ಸಾಕ್ಷಿಯಾಗಿ ಕೂತಿರುತ್ತಾನೆ.

ಹೋಗುವ ಹಿಂದಿನ ವಾರವಿಡೀ ನಾನು ನಮ್ಮವರಿಗೆ ಒಂದೇ ಪಾಠ ಹೇಳಿದೆ. "ನೀವು ಬಾಯಿ ಬಿಡಬಾರದು. ಕೆಮ್ಮಿದ್ರೂ ಹೆಂಚು ಬಿದ್ದೀತು. ಮಾತೆಲ್ಲ ನಂದು."

"ಆಯ್ತು ಮಾರಾಯ್ತಿ" ಎಂದರು.

"ತಲೆ ಅಲ್ಲಾಡ್ಸೋದೂ ಬೇಡ."

"ಉಸಿರಾಡ್ಬೋದಾ?"

ಬುಧವಾರ ಹತ್ತು ಗಂಟೆಗೆ ಹೋದೆವು. ತುಳಸಮ್ಮ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು, ಗಟ್ಟಿ ಹೆಂಗಸು. ಅವರ ಮನೆಯ ಸೂರಿನಲ್ಲಿ ಹಳೆಯ ಕಪ್ಪು ಹೆಂಚುಗಳ ನಡುವೆ ಅಲ್ಲಲ್ಲಿ ಹೊಸ ಕೆಂಪು ಹೆಂಚುಗಳು ಕಾಣುತ್ತಿದ್ದವು. ನಾನು ಅದನ್ನೇ ನೋಡುತ್ತಿರುವುದು ಕಂಡು ಅವರೇ ಹೇಳಿದರು, "ಎಲ್ಲಾ ನಂದೇ ಕಣಮ್ಮ. ಕಾಯಿಲೆಯವರು ಮನೆಗೂ ಬರೋರು. ಇನ್ನೇನು ಹೋಗೇಬಿಡ್ತಾರೆ ಅನ್ನೋರಿಗೂ, ವಾಸಿಯಾಗುತ್ತೆ ಹೆದ್ರಬೇಡಿ ಅಂತಿದ್ದೆ. ಬೀಳೋದು. ಬಿದ್ರೆ ಬೀಳ್ಲಿ ಅಂತ ಇನ್ನೊಂದು ಸಲ ಹೇಳ್ತಿದ್ದೆ."

ಈಗ ಅವರು ತಂಗಿಯ ಜೊತೆ ಇರಲು ತಾರಸಿ ಮನೆಗೆ ಹೊರಟಿದ್ದರು. "ವಯಸ್ಸಾಯ್ತು, ಇನ್ನು ನನಗ್ಯಾರು ಗಂಡು ನೋಡ್ತಾರೆ? ಅವಳು ಚಕ್ಲಿ ಮಾಡ್ತಾಳೆ, ಕಲ್ಲು ಇದ್ದಂಗಿರುತ್ತೆ. ಮಂಚದ ಮೇಲೆ ಕೂತ್ಕೊಂಡೇ ಚೆನ್ನಾಗಿದೆ ಅನ್ಬೋದು. ಅಂಗಳಕ್ಕೆ ಎದ್ದು ಹೋಗೋಕೆ ಮಂಡಿ ಬಿಡಲ್ಲ."

ಹೊಂಬಾಳಯ್ಯ ಮೇಲಿನಿಂದ ಕೂಗಿದ, "ಅಮ್ಮೋರೇ, ಎಲ್ಲಾ ಬಿಗಿಯಾಗಿದೆ. ಬೆಕ್ಕಿಲ್ಲ, ಕೋತಿಯಿಲ್ಲ, ನಾನೊಬ್ಬನೇ. ಶುರು ಮಾಡ್ಕೊಳಿ!"

ನಾನು ಸೆರಗು ಸರಿಮಾಡಿಕೊಂಡು ಬಾಯಿಪಾಠ ಮಾಡಿಕೊಂಡಿದ್ದನ್ನು ಶುರುಮಾಡಿದೆ. ನಾನು ಕಮಲಾಕ್ಷಿ, ಇವರು ನಂಜುಂಡ, ಮದುವೆಯಾಗಿ ಹನ್ನೊಂದು ವರ್ಷ, ಬಾಡಿಗೆ ಮನೆ ಬಿಡಬೇಕಾಗಿದೆ, ಸಾಲವಿಲ್ಲ, ಜಗಳಗಂಟರಲ್ಲ. ಕೊನೆಯದನ್ನು ಹೇಳಿದವಳೇ ಸೂರಿನ ಕಡೆ ನೋಡಿ, "ಬೇರೆಯವರ ಜೊತೆ" ಎಂದು ತಕ್ಷಣ ಸೇರಿಸಿದೆ. ಏನೂ ಬೀಳಲಿಲ್ಲ. ಧೈರ್ಯ ಬಂತು. "ಈ ಮನೆ ನಮ್ಮಿಬ್ಬರಿಗೂ ತುಂಬಾ ಇಷ್ಟವಾಗಿದೆ" ಎಂದೆ.

ಫಟ್ ಎಂದು ಹೆಂಚು ಬಿತ್ತು, ನಮ್ಮಿಬ್ಬರ ನಡುವೆ.

ತುಳಸಮ್ಮ ನಮ್ಮವರನ್ನು ನೋಡಿದರು. ನಾನೂ ನೋಡಿದೆ. ಮೇಲೆ ಆದ ಕಿಂಡಿಯಿಂದ ಹೊಂಬಾಳಯ್ಯನ ಮುಖ ಇಳಿದು ಅದೂ ಅವರನ್ನೇ ನೋಡಿತು. ನನಗೆ ಎಲ್ಲಿತ್ತೋ ಸಿಟ್ಟು. "ಏನ್ರೀ ಇದು? ಇಷ್ಟವಿಲ್ಲದಿದ್ರೆ ಮೊದಲೇ ಬಾಯಿಬಿಟ್ಟು ಹೇಳೋದಲ್ವಾ? ಇಲ್ಲಿ ತನಕ ಕರ್ಕೊಂಡು ಬಂದು ಮಾನ ಕಳೀಬೇಕಿತ್ತಾ?"

"ನೀನೇ ಕಣೇ ಬಾಯಿ ಬಿಡಬೇಡಿ ಅಂದಿದ್ದು."

"ಈಗ ಬಿಡಿ!"

"ನನಗೆ ಈ ಮನೆ ಇಷ್ಟ" ಎಂದರು ನಮ್ಮವರು, ಮೆಲ್ಲಗೆ.

ಎಲ್ಲರೂ ಮೇಲೆ ನೋಡಿದೆವು. ಏನೂ ಬೀಳಲಿಲ್ಲ. ಹೊಂಬಾಳಯ್ಯ ಒಂದೆರಡು ಹೆಂಚು ತಟ್ಟಿ ನೋಡಿ, "ನಿಜ ಹೇಳ್ತಾವ್ರೆ" ಎಂದ.

ಆಗ ಮೂರು ಮುಖಗಳೂ ನನ್ನ ಕಡೆ ತಿರುಗಿದವು. ನನಗೆ ಮೈಯೆಲ್ಲ ಬಿಸಿಯಾಯಿತು. "ಏನು ಹಂಗ್ ನೋಡ್ತೀರಿ? ನನಗೂ ಇಷ್ಟಾನೇ!" ಎಂದೆ.

ಎರಡನೆಯದು ನನ್ನ ಮೊಣಕಾಲಿನ ಪಕ್ಕದಲ್ಲೇ ಬಿತ್ತು.

ಹನ್ನೊಂದು ವರ್ಷ ಬೀದಿ ಬೀದಿಯಲ್ಲಿ ಜಂಬ ಕೊಚ್ಚಿಕೊಂಡ ನಾಲಿಗೆ! ಒಂದು ನಿಮಿಷದಲ್ಲಿ ಎರಡು ಹೆಂಚು! ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಬೇರೆಯವರಿಗಲ್ಲ, ನನಗೇ ನಾನು ಸುಳ್ಳು ಹೇಳಿಕೊಂಡು ಬಂದಿದ್ದೆ, ಅದೂ ಊರೆಲ್ಲ ಸಾರಿಕೊಂಡು. ಇನ್ನೊಂದು ಬಿದ್ದರೆ ಈ ಮನೆ ಜೀವಮಾನಕ್ಕೂ ಇಲ್ಲ. ಯುಗಾದಿಗೆ ಹದಿನೇಳು ದಿನ ಉಳಿದಿತ್ತು.

ತುಳಸಮ್ಮನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಬಿದ್ದ ಚೂರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಇಷ್ಟವಿಲ್ಲದ್ದು ಏನೇನು, ಅದನ್ನೇ ಹೇಳು. ಅದು ನಿನಗೆ ಸಲೀಸು" ಎಂದರು.

ಸಲೀಸೇ ಆಗಿತ್ತು. "ಅಡುಗೆಮನೆ ಕತ್ತಲೆ" ಎಂದೆ. "ಹಗಲುಹೊತ್ತಲ್ಲೂ ದೀಪ ಹಾಕ್ಬೇಕು. ಹಿತ್ತಲ ಮೆಟ್ಟಿಲು ಮೊಣಕಾಲುದ್ದ ಇದೆ, ಬಿಂದಿಗೆ ಹೊತ್ತು ಹತ್ತೋರು ಮನುಷ್ಯರಾ ಒಂಟೆಗಳಾ? ಬಚ್ಚಲ ಬಾಗಿಲು ಮುಚ್ಚಲ್ಲ. ಹೊಲಿಗೆ ಮಿಷನ್ ಇಡೋಕೆ ಬೆಳಕಿರೋ ಜಾಗ ಒಂದೂ ಇಲ್ಲ. ಮತ್ತೆ ಈ ಗೋಡೆಗೆ ಈ ಹಸಿರು ಬಣ್ಣ ಹೊಡೆಸಿದ ಪುಣ್ಯಾತ್ಮರು ಯಾರು?"

"ನಾನೇ" ಎಂದರು ತುಳಸಮ್ಮ.

"ಕೆಟ್ಟದಾಗಿದೆ" ಎಂದೆ.

ಒಂದು ಹೆಂಚೂ ಅಲುಗಲಿಲ್ಲ. "ಕೆಟ್ಟದ್ದು ಹೇಳೋದು ಸುಲಭ ಕಣಮ್ಮ" ಎಂದರು ಅವರು. "ಎಷ್ಟು ಹೇಳಿದ್ರೂ ಸೂರು ಭದ್ರ. ಒಳ್ಳೇದು ಹೇಳೋಕೇ ಎದೆ ಬೇಕು. ಹೋಗ್ಲಿ, ಇಷ್ಟವಿಲ್ಲದ ಮನೆ ನಿನಗ್ಯಾಕೆ?"

ಏನು ಹೇಳಿದರೆ ನಿಜ, ಏನು ಹೇಳಿದರೆ ಸುಳ್ಳು, ನನಗೇ ತಿಳಿಯಲಿಲ್ಲ. "ಗೊತ್ತಿಲ್ಲ" ಎಂದೆ. ಅದಕ್ಕೆ ಹೆಂಚು ಬೀಳಲಿಲ್ಲ, ಆದರೆ ನನ್ನ ಕಣ್ಣಲ್ಲಿ ನೀರು ಬಂತು. ಸೀರೆ ವಾಪಸು ಕೊಡಲು ಹೋಗುವ ಹೆಂಗಸರ ಮುಖಗಳು ಯಾಕೋ ಆಗ ನೆನಪಾದವು.

ನಮ್ಮವರು ಗಂಟಲು ಸರಿಮಾಡಿಕೊಂಡರು. "ನಾನೊಂದು ಮಾತು ಹೇಳ್ತೀನಿ."

"ಬೇಡ ರೀ, ನಿಮ್ಮ ದಮ್ಮಯ್ಯ, ಒಂದೇ ಉಳಿದಿರೋದು!"

"ಹೇಳಿಬಿಡ್ತೀನಿ ಕಣೇ." ನನ್ನನ್ನಲ್ಲ, ತುಳಸಮ್ಮನನ್ನು ನೋಡಿಕೊಂಡು ಹೇಳಿದರು. "ಅಮ್ಮಾ, ಇವಳ ಕೈಯ ಸಾರಿನಂಥ ಸಾರು ನಾನು ಎಲ್ಲೂ ಉಂಡಿಲ್ಲ."

ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಮನೆಗಾಗಿ ಅಲ್ಲ. ಆ ಕ್ಷಣದಲ್ಲಿ ಮನೆ ನೆನಪೇ ಇರಲಿಲ್ಲ. ಈ ಮಾತಿಗೆ ಹೆಂಚು ಬಿದ್ದರೆ ನಾಳೆಯಿಂದ ಒಲೆ ಹಚ್ಚಲು ನನ್ನ ಕೈ ಏಳುವುದಿಲ್ಲ ಎನ್ನುವುದೊಂದೇ ತಲೆಯಲ್ಲಿತ್ತು. ಒಂದು ಎರಡು ಮೂರು ಎಂದು ಹತ್ತರ ತನಕ ಎಣಿಸಿದೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟೆ.

"ಹನ್ನೊಂದು ವರ್ಷದಿಂದ ಅಂಗಳದಲ್ಲಿ ನಿಂತು ಹೇಳ್ತಿದೀನಿ" ಎಂದು ಅವರು ಮುಂದುವರಿಸಿದರು. "ಒಳಗೆ ಬಂದು ಹೇಳಿ ಅಂತಾಳೆ. ಹೆಂಗೆ ಹೇಳೋದು? ರಾಯರ ಮನೆ ಹೆಂಚು ಒಂದೊಂದೂ ಸಡಿಲ, ಬಸ್ಸು ಹೋದ್ರೆ ಸಾಕು ಗಡಗಡ ಅನ್ನುತ್ತೆ. ನಾನು ಹೇಳೋ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಹೋಗಿ ಹೆಂಚು ಬಿದ್ದುಬಿಟ್ರೆ? ಮೊದಲೇ ಸೀರೆ ಮಾರೋನು. ಬಸ್ಸಿಂದ ಬಿತ್ತು ಅಂದ್ರೆ ಇವಳು ನಂಬ್ತಾಳಾ? ಇಲ್ಲಿ ನೋಡಿ, ಬಸ್ಸು ಬರಲ್ಲ. ಸೂರು ಕಬ್ಬಿಣ ಇದ್ದಂಗಿದೆ, ಮೊದಲ ದಿನಾನೇ ನೋಡ್ಕೊಂಡೆ. ಅದಕ್ಕೇ ನಂಗೆ ಈ ಮನೆ ಇಷ್ಟ."

ನಾನು ಬೆಪ್ಪಳಂತೆ ಕೂತಿದ್ದೆ. ಇಷ್ಟು ದಿನ ಈ ಮನುಷ್ಯನಿಗೆ ಒಳಗೆ ಬಂದು ಹೇಳುವ ಯೋಗ್ಯತೆ ಇಲ್ಲ ಎಂದುಕೊಂಡಿದ್ದೆನಲ್ಲ, ಅವರು ಬಸ್ಸಿಗೆ ಹೆದರಿಕೊಂಡು ತಟ್ಟೆ ಹಿಡಿದು ಬಿಸಿಲಲ್ಲಿ ನಿಲ್ಲುತ್ತಿದ್ದರು!

"ಒಂದೂ ಅಲ್ಲಾಡ್ಲಿಲ್ಲ ಅಮ್ಮೋರೇ!" ಮೇಲಿನಿಂದ ಹೊಂಬಾಳಯ್ಯ ಕೂಗಿದ. "ಹೇಳಿ ನಂಜುಂಡಣ್ಣ, ಇನ್ನೂ ಇದ್ರೆ ಹೇಳಿ!"

ನಮ್ಮವರಿಗೆ ಹುರುಪು ಬಂದುಬಿಟ್ಟಿತು. "ಇವಳು ಬಯ್ಯದಿದ್ದ ದಿನ ನಂಗೆ ಏನೋ ಕಳ್ಕೊಂಡಂಗೆ ಆಗುತ್ತೆ." ಹೆಂಚು ಬೀಳಲಿಲ್ಲ. "ಎರಡು ಕೂದಲು ನೆರೆತ ಮೇಲೆ ಇನ್ನೂ ಲಕ್ಷಣವಾಗಿ ಕಾಣ್ತಾಳೆ." ಬೀಳಲಿಲ್ಲ. ತುಳಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಸಾಕು ನಿಲ್ಸಿ ರೀ, ನಾಚ್ಕೆಯಿಲ್ವಾ" ಎಂದು ನಾನು ಅವರ ತೋಳು ಹಿಡಿದು ಎಳೆದೆ. ಆದರೆ ಸೀರೆ ಅಂಗಡಿಯವರಿಗೊಂದು ಚಾಳಿ, ಗಿರಾಕಿ ಒಪ್ಪಿ ಸೀರೆ ಮಡಿಚಾದ ಮೇಲೂ ಇನ್ನೊಂದು ಮಾತು ಸೇರಿಸದೆ ಬಿಡುವುದಿಲ್ಲ.

"ಮತ್ತೆ ಅಮ್ಮಾ, ಇವಳು ಮಿಷನ್ ತುಳೀತಾ ಹಾಡ್ತಾಳಲ್ಲ, ಅದಂತೂ ಬಲು ಇಂಪು!"

ಫಟ್!

ಮೂರನೆಯ ಹೆಂಚು ಅವರ ಮುಂದೆಯೇ ಬಿದ್ದು ನೂರು ಚೂರಾಯಿತು. ಅವರು ಹಾಗೇ ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತ ಕೂತರು. ಮುಖದಲ್ಲಿ ರಕ್ತವಿರಲಿಲ್ಲ. "ಕಮಲೂ, ತಪ್ಪಾಯ್ತು ಕಣೇ" ಎಂದರು, ಅಳುವ ಹಾಗೆ.

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮನೆ ಹೋಯಿತು, ಯುಗಾದಿಗೆ ಬೀದಿ ಪಾಲು ಎಂದು ಗೊತ್ತಿದ್ದೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೂರು ನಿದ್ದೆ ಮಾಡುತ್ತಿರಲಿಲ್ಲ ಎಂದಾಯಿತಲ್ಲ! ಹಾಡು ಸುಳ್ಳು ಎಂದರೆ ಸಾರು ನಿಜ, ನೆರೆತ ಕೂದಲು ನಿಜ, ಬೈಗುಳವೂ ನಿಜ. "ಹೋಗ್ಲಿ ಬಿಡ್ರೀ" ಎಂದೆ, ಕಣ್ಣೊರೆಸಿಕೊಳ್ಳುತ್ತ. "ನನ್ನ ಹಾಡು ನಂಗೂ ಗೊತ್ತು. ತುಳಸಮ್ಮನೋರೇ, ಮೂರು ಹೆಂಚೂ ನಾಳೆ ನಾವೇ ಕೂರಿಸಿ ಕೊಡ್ತೀವಿ. ನಿಮ್ಮ ಹೊತ್ತು ಹಾಳು ಮಾಡಿದ್ವಿ." ಎದ್ದು ನಿಂತೆ. ಆ ಹಸಿರು ಗೋಡೆಯನ್ನು ಇನ್ನೊಮ್ಮೆ ನೋಡಿದೆ. ಬಸ್ಸು ಬಾರದ ಬೀದಿಯ ಮನೆ ನಮ್ಮೂರಲ್ಲಿ ಇನ್ನೆಲ್ಲಿದೆ?

ತುಳಸಮ್ಮ ಕೂತೇ ಇದ್ದರು. ಹೊಂಬಾಳಯ್ಯ ಕಿಂಡಿಯಿಂದ ತಲೆ ಇಳಿಸಿ, "ಮೂರಾಯ್ತು ಅಮ್ಮೋರೇ. ನೀವು ಇಲ್ಲ ಅನ್ನೋ ಮಾತು ಹೇಳಿಬಿಟ್ರೆ ನಾನು ಇಳೀತೀನಿ" ಎಂದ. ಅವನ ದನಿಯಲ್ಲೂ ಮೊದಲಿನ ಹುರುಪು ಇರಲಿಲ್ಲ.

"ಹೇಳ್ಲೇಬೇಕಾ?"

"ಪದ್ಧತಿ ಅಲ್ವಾ ಅಮ್ಮೋರೇ? ಹೊರಗೆ ಇನ್ನೂ ಇಬ್ಬರು ಮನೆ ಕೇಳೋಕೆ ಕಾಯ್ತಾವ್ರೆ, ಬ್ಯಾಂಕಿನೋರು."

ತುಳಸಮ್ಮ ಮಂಡಿಗೆ ಕೈಯೂರಿ ಎದ್ದರು. ನಮ್ಮಿಬ್ಬರ ಮುಖವನ್ನೂ ನೋಡದೆ ಗೋಡೆ ನೋಡಿಕೊಂಡು, ಆಸ್ಪತ್ರೆಯಲ್ಲಿ ಔಷಧಿ ಚೀಟಿ ಓದುವಂತೆ ಒಂದೇ ಉಸಿರಿಗೆ ಹೇಳಿದರು, "ಈ ಮನೆಯನ್ನು ಇವರಿಗೆ ಕೊಡಲು ನನಗೆ ಮನಸ್ಸಿಲ್ಲ."

ಫಟ್!

ತುಳಸಮ್ಮನ ಕಾಲ ಬುಡದಲ್ಲಿ, ಹಳೆಯ ಕಪ್ಪು ಹೆಂಚು.

"ಬೆಕ್ಕೇನೋ ನೋಡೋ ಹೊಂಬಾಳಾ!" ಎಂದು ಅವರು ಕೂಗಿದರು.

"ಬೆಕ್ಕಿಲ್ಲ ಅಮ್ಮೋರೇ, ನೀವೇ!" ಸೂರಿನ ಮೇಲೆ ಹೊಂಬಾಳಯ್ಯ ತೊಡೆ ತಟ್ಟಿಕೊಂಡು ನಗುವುದು ಕೆಳಗೆ ಕೇಳುತ್ತಿತ್ತು. "ಇಲ್ಲ ಅನ್ನೋ ಮಾತೇ ಬಿದ್ದೋಯ್ತು! ಇನ್ನು ಇಲ್ಲ ಅನ್ನೋದು ಹೆಂಗೆ? ಬ್ಯಾಂಕಿನೋರನ್ನ ಮನೆಗೆ ಹೋಗಿ ಅಂತೀನಿ!"

ತುಳಸಮ್ಮ ತಲೆಯೆತ್ತಿ ನಾಲ್ಕು ಕಿಂಡಿಗಳನ್ನೂ ಒಂದೊಂದಾಗಿ ನೋಡಿದರು. "ಮೂವತ್ತು ವರ್ಷ ಉಂಡಿದ್ದು ಉಟ್ಟಿದ್ದೆಲ್ಲ ನಿನ್ನ ಕೆಳಗೆ, ಕೊನೆಗೆ ನನ್ನ ಮಾನಾನೇ ತೆಗೆದೆಯಲ್ಲೋ" ಎಂದು ಸೂರಿಗೆ ಬೈದರು. ಬೈಯುತ್ತಲೇ ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಿಚಿ ಮುಚ್ಚಿದರು. ನಮ್ಮವರು ಇನ್ನೂ ಬಾಯಿ ಬಿಟ್ಟುಕೊಂಡೇ ಕೂತಿದ್ದರು, ಏನಾಯಿತೆಂದು ಅವರಿಗೆ ಪೂರ್ತಿ ತಿಳಿದಂತಿರಲಿಲ್ಲ. ನಾನು ಅವರ ಎದುರಿಗೆ ಹೋಗಿ ಕೂತೆ. ಅಡುಗೆಮನೆ ಕತ್ತಲೆಯೇ, ಮೆಟ್ಟಿಲು ಎತ್ತರವೇ, ಅದರಲ್ಲಿ ಒಂದನ್ನೂ ವಾಪಸು ತೆಗೆದುಕೊಳ್ಳುವವಳು ನಾನಲ್ಲ.

"ರೀ, ನನಗೆ ಈ ಮನೆ ಬೇಕು" ಎಂದೆ. "ನೀವು ಒಳಗೆ ಕೂತು ಉಣ್ಣಬೇಕು."

ಯಾರೂ ತಲೆಯೆತ್ತಿ ಮೇಲೆ ನೋಡಲಿಲ್ಲ.